ಬೋರಲಿಂಗಣ್ಣ ಇಳಿಸಿದ ಗೇರ್‌ಬಾಕ್ಸುಗಳು

ಬೋರಲಿಂಗಣ್ಣನ ಬಲಗಿವಿಯ ಸುತ್ತ ಸದಾ ಒಂದು ಕಪ್ಪು ಬಳೆ ಇರುತ್ತಿತ್ತು. ಗ್ರೀಸಿನದು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಗಾಡಿಯ ಗೇರ್‌ಬಾಕ್ಸಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದ. ಸುತ್ತ ನಿಂತವರು ಉಸಿರು ಬಿಗಿಹಿಡಿಯಬೇಕಾಗಿತ್ತು. ಯಾರಾದರೂ ಕೆಮ್ಮಿದರೆ ಕಣ್ಣು ತೆರೆಯದೆಯೇ ಬೈಯುತ್ತಿದ್ದ. ಹಾಗೆ ಬಹಳ ಹೊತ್ತು ಕೇಳಿ, ತಲೆ ಎತ್ತಿ, ಕೊನೆಗೆ ಹೇಳುತ್ತಿದ್ದದ್ದು ಒಂದೇ ಮಾತು.

"ಬಾಕ್ಸ್ ಇಳಿಸ್ಬೇಕು ಕಣ್ಲಾ."

ಗಾಡಿ ಹೊಗೆ ಉಗುಳಿದರೂ ಅದೇ ಮಾತು, ಹಾರನ್ ಕೂಗದಿದ್ದರೂ ಅದೇ ಮಾತು. ಬೇರೇನೂ ಹೇಳಬಾರದೆಂದು ಅವನು ಹರಕೆ ಹೊತ್ತಂತಿತ್ತು. "ಶ್ರೀರಂಗಪಟ್ಣದಿಂದ ನಾಗಮಂಗಲದ ಗಂಟ ನಾನ್ ಇಳಿಸ್ದೇ ಇರೋ ಗೇರ್‌ಬಾಕ್ಸಿಲ್ಲ" ಎಂದು ಅವನು ಹೇಳಿಕೊಳ್ಳುತ್ತಿದ್ದ. ಅದು ಅಪ್ಪಟ ನಿಜ. ಆ ಇಡೀ ದಾರಿಯಲ್ಲಿ ಇಳಿಸಬೇಕಾದ ಅಗತ್ಯವೇ ಇಲ್ಲದಿದ್ದ ಎಷ್ಟು ಗೇರ್‌ಬಾಕ್ಸುಗಳು ಅವನ ಕೈಯಲ್ಲಿ ನೆಲ ಕಂಡವೋ ಅವುಗಳ ದೇವರಿಗೇ ಗೊತ್ತು.

ಪಾಂಡವಪುರದ ರೈಲ್ವೆ ಸ್ಟೇಷನ್ನಿನ ರಸ್ತೆಯಲ್ಲಿ ಅವನದೊಂದು ತಗಡಿನ ಶೆಡ್ಡು. ಉಳಿದ ಮೆಕ್ಯಾನಿಕ್ಕುಗಳು ಖಾಕಿಯನ್ನೋ ಹರಕು ಪ್ಯಾಂಟನ್ನೋ ಹಾಕಿಕೊಂಡರೆ ಬೋರಲಿಂಗಣ್ಣ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಗಾಡಿಯ ಕೆಳಗೆ ನುಗ್ಗುತ್ತಿದ್ದ. ಕಿರಂಗೂರಿನಲ್ಲಿ ನಾಲೆ ನೀರಿನ ಗದ್ದೆ, ಕಬ್ಬು, ಹಸುಗಳಿದ್ದ ಮನೆತನ. "ನಾನು ಮೆಕ್ಯಾನಿಕ್ ಅಲ್ಲ ಕಣವ್ವ, ಗೌಡ. ಇದು ಸೋಕಿಗೆ ಮಾಡಾದು" ಎನ್ನುತ್ತಿದ್ದ. ಹೊಟ್ಟೆಪಾಡಿಗೆ ಮಾಡುವವನು ಕೆಲಸ ಕೆಡಿಸಲು ಹೆದರುತ್ತಾನೆ. ಶೋಕಿಗೆ ಮಾಡುವವನಿಗೆ ಯಾವ ಹೆದರಿಕೆ? ಟ್ರಾಕ್ಟರಿನ ಮೇಲೆ ಕೈ ಪಳಗಿಸಿಕೊಂಡಿದ್ದ ಅವನು ಲೋಕದ ಎಲ್ಲ ವಾಹನಗಳನ್ನೂ ಸಣ್ಣ ಟ್ರಾಕ್ಟರು ಎಂದೇ ತಿಳಿದಿದ್ದ. ಗೊತ್ತಿಲ್ಲ ಎಂಬ ಮಾತು ಅವನ ಬಾಯಲ್ಲಿ ಒಮ್ಮೆಯೂ ಬಂದದ್ದನ್ನು ನಾನು ಕೇಳಿಲ್ಲ. ಗೊತ್ತಿಲ್ಲದ್ದು ಎದುರಾದರೆ ಅದಕ್ಕೆ ಅವನಿಟ್ಟಿದ್ದ ಹೆಸರು "ಕಂಪ್ನಿ ಮಿಸ್ಟೇಕು".

ಇಂಥವನ ಕೈಗೆ ನನ್ನ ಕಾರು ಸಿಕ್ಕಿದ್ದು ಒಂದು ಆಯುಧಪೂಜೆಯ ಮಾರನೆಯ ದಿನ.

ನನ್ನ ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೊ ಬಡಿದಿತ್ತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುತ್ತೇನೆ. ಮನೆ ಪಾಂಡವಪುರದಲ್ಲಿ, ನನ್ನ ಔಷಧಿ ಅಂಗಡಿ ಕೆ.ಆರ್. ಪೇಟೆಯಲ್ಲಿ. ಕ್ಲಚ್ ತುಳಿಯುವ ಕೆಲಸವಿಲ್ಲದ ಆಟೋಮ್ಯಾಟಿಕ್ ಕಾರು ಕೊಳ್ಳುವ ತನಕ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬಸ್ಸು ನಿಂತೊಡನೆ ಕಂಡಕ್ಟರು, "ಪಾಪ, ಆ ಯಮ್ಮನ್ನ ಒಸಿ ಎತ್ಕಳ್ರಪ್ಪಾ" ಎಂದು ಕೂಗುತ್ತಿದ್ದ. ಯಾರೋ ಇಬ್ಬರು ನನ್ನ ಕಂಕುಳಿಗೆ ಕೈ ಹಾಕಿ ಅಕ್ಕಿ ಮೂಟೆ ಎತ್ತಿದಂತೆ ಎತ್ತಿ ಒಳಗೆ ಇಡುತ್ತಿದ್ದರು. ಸೆರಗು ಜಾರುತ್ತಿತ್ತು. ಇಡೀ ಬಸ್ಸು ನನ್ನತ್ತ ನೋಡಿ ಲೊಚಗುಟ್ಟುತ್ತಿತ್ತು. ಅವರೆಲ್ಲ ಒಳ್ಳೆಯವರೇ. ಅವರ ಒಳ್ಳೆಯತನವನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಕಾರಿನ ಬಾಗಿಲು ನಾನೇ ತೆಗೆದು, ಕಾಲನ್ನು ನಾನೇ ಎತ್ತಿ ಒಳಗಿಟ್ಟುಕೊಂಡು ಕೂತ ದಿನ, ಇನ್ನು ಮೇಲೆ ನನ್ನನ್ನು ಯಾರೂ ಎತ್ತಬಾರದು ಎಂದುಕೊಂಡೆ. ಆ ಕಾರು ನನಗೆ ಅಷ್ಟು ದೊಡ್ಡದಾಗಿತ್ತು.

ಆಯುಧಪೂಜೆಗೆ ನಮ್ಮ ಕಡೆ ಗಾಡಿ ತೊಳೆಯುವುದೆಂದರೆ ಬಾನೆಟ್ ಎತ್ತಿ ಎಂಜಿನ್ನಿಗೂ ಪಂಪಿನ ನೀರು ಹೊಡೆಯಲೇಬೇಕು. ದೇವರಿಗೆ ಒಳಗಿನ ಕೊಳೆಯೂ ಕಾಣುತ್ತದೆಂಬ ಲೆಕ್ಕ. ನನ್ನ ಕಾರಿಗೂ ಚೆನ್ನಾಗಿ ನೀರು ಬಿತ್ತು, ಅರಿಶಿನ ಕುಂಕುಮ ಬಿತ್ತು, ಚಕ್ರದಡಿ ನಿಂಬೆಹಣ್ಣು ಸಿಡಿಯಿತು. ಮಾರನೆಯ ಬೆಳಗ್ಗೆ ಕೆ.ಆರ್. ಪೇಟೆಯ ದಾರಿಯಲ್ಲಿ ಗೇರಿನ ದೀಪ ಮಿಣುಕತೊಡಗಿತು. ಕಾರು ಮೂರನೇ ಗೇರಿನಲ್ಲೇ ಕಚ್ಚಿಕೊಂಡು, ಎಷ್ಟು ಒತ್ತಿದರೂ ಏದುಸಿರು ಬಿಡುತ್ತ ತೆವಳಿತು. ಹಾಗೂ ಹೀಗೂ ತಿರುಗಿಸಿಕೊಂಡು ಬಂದು ಕಣ್ಣಿಗೆ ಬಿದ್ದ ಮೊದಲ ಶೆಡ್ಡಿನ ಮುಂದೆ ನಿಲ್ಲಿಸಿದೆ. ಅದೇ ನನ್ನ ಗ್ರಹಚಾರ.

ಬೋರಲಿಂಗಣ್ಣ ಬಾಗಿಲಿನೊಳಗೆ ತಲೆ ತೂರಿಸಿ ಪೆಡಲುಗಳನ್ನು ನೋಡಿದ. "ಕ್ಲಚ್ಚೇ ಇಲ್ವಲ್ಲವ್ವ! ಇದೂ ಒಂದು ಕಾರಾ? ಉಯ್ಯಾಲೆ ಕಣವ್ವ ಇದು."

"ನನ್ನ ಎಡಗಾಲು ಬರಲ್ಲ. ಅದಕ್ಕೇ ತಗೊಂಡಿದ್ದು" ಎಂದೆ.

ಅವನು ಕಬ್ಬಿಣದ ಪಟ್ಟಿಯನ್ನು ನಟ್ಟು ಬೋಲ್ಟು ಸಮೇತ ಪರೀಕ್ಷಿಸಿದ. ಈಗ ಪಾಪ ಎನ್ನುತ್ತಾನೆ ಎಂದು ಕಾದೆ. "ಕಾಲ್ ಕುಂಟಾದ್ರೆ ಕಾಲ್ನ ರಿಪೇರಿ ಮಾಡಿಸ್ಬೇಕು. ಕಾರ್ನ ಯಾಕವ್ವ ಕುಂಟು ಮಾಡ್ಕಂಡೆ?" ಎಂದ.

ಆ ಪದವನ್ನು ಜನ ನನ್ನ ಬೆನ್ನ ಹಿಂದೆ ಆಡುತ್ತಿದ್ದರು, ಮುಖಕ್ಕೆ ಯಾರೂ ಆಡಿರಲಿಲ್ಲ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಬಾನೆಟ್ ತೆಗೆದು ಸ್ಕ್ರೂಡ್ರೈವರನ್ನು ಕಿವಿಗೆ ಏರಿಸಿಕೊಂಡಾಗಿತ್ತು. ಬಾಕ್ಸ್ ಇಳಿಸಬೇಕು ಎಂದ. ಕೂಡದು ಎಂದೆ. ಹಾಗಾದರೆ ನಿಂತಿರಲಿ ಎಂದು ಬಾನೆಟ್ ಮುಚ್ಚದೆಯೇ ಕಾರನ್ನು ಬಿಸಿಲಲ್ಲಿ ಬಿಟ್ಟು ಊಟಕ್ಕೆ ಹೋದ. ಮಧ್ಯಾಹ್ನ ಬಂದು ನೋಡಿದರೆ ದೀಪ ಮಿಣುಕಲಿಲ್ಲ, ಕಾರು ಒಂದು, ಎರಡು, ಮೂರು, ನಾಲ್ಕೆಂದು ನೆಟ್ಟಗೆ ಗೇರು ಬದಲಾಯಿಸಿತು. ಬೋರಲಿಂಗಣ್ಣ ಮೀಸೆ ತಿರುವಿದ. "ಇಳಿಸ್ತೀನಿ ಅಂದೆ ನೋಡು, ಎದ್ರುಕಂಬುಡ್ತು."

ಆಮೇಲೆ ಮೈಸೂರಿನ ವರ್ಕ್‌ಶಾಪಿನಲ್ಲಿ ಯಂತ್ರ ಸಿಕ್ಕಿಸಿ ನೋಡಿದಾಗ ಸಂಗತಿ ತಿಳಿಯಿತು. ಇಂಥ ಕಾರಿನ ಗೇರ್‌ಬಾಕ್ಸಿನೊಳಗೆ ಎಣ್ಣೆ ಹರಿಯುವ ಸಣ್ಣ ಸಣ್ಣ ದಾರಿಗಳಿರುತ್ತವೆ. ನಾಲೆಗೆ ತೂಬು ಇದ್ದ ಹಾಗೆ ಆ ದಾರಿಗಳಿಗೆ ಕರೆಂಟಿನಿಂದ ತೆರೆದು ಮುಚ್ಚುವ, ಹೆಬ್ಬೆರಳು ಗಾತ್ರದ ಕವಾಟಗಳಿರುತ್ತವೆ. ಅವೇ ಸೊಲೆನಾಯ್ಡುಗಳು. ಯಾವ ತೂಬು ತೆರೆಯಿತು ಎಂಬುದರ ಮೇಲೆ ಗೇರು ಬದಲಾಗುತ್ತದೆ. ಅವುಗಳಿಗೆ ಕರೆಂಟು ಕೊಡುವ ಪ್ಲಗ್ಗಿನೊಳಗೆ ಪೂಜೆಯ ನೀರು ಹೋಗಿ ಕುಳಿತಿತ್ತು. ಕಾರಿನೊಳಗಿನ ಕಂಪ್ಯೂಟರಿಗೆ ಸೊಲೆನಾಯ್ಡ್ ಸಿಗದೆ ಹೋದಾಗ ಅದು ಗಾಬರಿಯಾಗಿ ಎಲ್ಲವನ್ನೂ ಮೂರನೇ ಗೇರಿನಲ್ಲಿ ಬಿಗಿದು ಕುಳಿತಿತ್ತು. ಬಿಸಿಲಿಗೆ ನೀರು ಒಣಗಿತು, ಕಾರು ಸರಿಹೋಯಿತು. ಕಿರಂಗೂರು ಗೌಡನ ಕಿವಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಇದನ್ನು ಅವನ ಮುಖಕ್ಕೆ ಹೇಳಿಬಿಡಬೇಕೆಂದೇ ಶೆಡ್ಡಿನ ಮುಂದೆ ಕಾರು ನಿಲ್ಲಿಸಿದೆ. ಪೂರ್ತಿ ಕೇಳಿಸಿಕೊಂಡು ಕೇಳಿದ: "ಆ ಮಿಸಿನ್ನಿಗೆ ಕಿವಿ ಅದಾ?"

"ಇಲ್ಲ."

"ಮತ್ತೆ? ಕೆಪ್ಪ ಮುಂಡೇದು ಹೇಳ್ದ ಮಾತ್ನ ನಂಬ್ಕಂಡು ಬಂದ್ಬುಟ್ಟೆ."

ಇಂಥವನ ಹತ್ತಿರ ವಾದ ಮಾಡುವುದು ನನ್ನದೇ ತಪ್ಪೆಂದುಕೊಂಡು ಮನೆಗೆ ಹೋದೆ. ಅವನ ಶೆಡ್ಡಿನ ಹೊಸಿಲು ಮತ್ತೆ ತುಳಿಯಬಾರದೆಂದು ನಿಶ್ಚಯಿಸಿದೆ. ಆದರೆ ಒಂದು ಬೇಸಿಗೆಯಲ್ಲಿ ತುಳಿಯಬೇಕಾಗಿ ಬಂತು.

ಆ ಸಲದ ತೊಂದರೆ ನೀರಿನದಲ್ಲ. ಬೆಳಗ್ಗೆ ತಣ್ಣಗಿದ್ದಾಗ ಕಾರು ಚೆನ್ನಾಗಿಯೇ ಓಡುತ್ತಿತ್ತು. ಅಂಗಡಿ ಮುಟ್ಟುವ ಹೊತ್ತಿಗೆ ಬಾಕ್ಸು ಬಿಸಿಯಾಗಿ, ಎರಡರಿಂದ ಮೂರಕ್ಕೆ ಹೋಗುವಾಗ ಬೆನ್ನಿಗೆ ಗುದ್ದಿದಂತಾಗುತ್ತಿತ್ತು, ಆಮೇಲೆ ಮೂರರಲ್ಲೇ ಕಚ್ಚಿಕೊಳ್ಳುತ್ತಿತ್ತು. ಔಷಧಿ ಡಬ್ಬಿಯೊಳಗಿನ ಸಣ್ಣಕ್ಷರದ ಚೀಟಿ ಓದಿ ಓದಿ ಅಭ್ಯಾಸವಾದವಳು ನಾನು. ಇದರ ಬಗ್ಗೆಯೂ ಸಿಕ್ಕಿದ್ದನ್ನೆಲ್ಲ ಓದಿದೆ. ಸೊಲೆನಾಯ್ಡಿನೊಳಗಿನ ತಂತಿಯ ಸುರುಳಿ ಬಿಸಿಗೆ ಕೈಕೊಡುತ್ತದೆ, ಮೀಟರ್ ಹಿಡಿದು ಒಂದನ್ನು ಇನ್ನೊಂದರ ಜೊತೆ ಹೋಲಿಸಿ ನೋಡಿದರೆ ಯಾವುದು ಕೆಟ್ಟಿದೆ ಎಂದು ತಿಳಿಯುತ್ತದೆ, ಅದೊಂದನ್ನೇ ಬದಲಿಸಿದರೆ ಸಾಕು. ಮೈಸೂರಿನವರು ಮಾತ್ರ ಒಂದನ್ನೇ ಬದಲಿಸುವುದಿಲ್ಲ, ಇಡೀ ಜೋಡಣೆಯೇ ಹೊರದೇಶದಿಂದ ಬರಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದರು. ಬಹಳ ನಯವಾಗಿ ಹೇಳಿದರು. ಅಲ್ಲಿಯವರೆಗೆ ನಾನು ಮತ್ತೆ ಬಸ್ಸು ಹತ್ತಬೇಕಾಗಿತ್ತು.

ಹತ್ತಿದೆ. ಅಂದರೆ, ಹತ್ತಿಸಿದರು. ಕಂಡಕ್ಟರ್ ಬೇರೆಯವನು, ಕೂಗು ಮಾತ್ರ ಅದೇ. ಎರಡನೆಯ ದಿನ ಸಂಜೆ ಬಸ್ಸಿನಿಂದ ಇಳಿಸಿಕೊಂಡು ಮನೆಗೆ ಹೋಗಿ, ತಣ್ಣಗೆ ನಿಂತಿದ್ದ ಕಾರನ್ನು ನೇರ ಬೋರಲಿಂಗಣ್ಣನ ಶೆಡ್ಡಿಗೆ ಓಡಿಸಿಕೊಂಡು ಹೋದೆ. ಆಟೋಮ್ಯಾಟಿಕ್ ಕಾರಿಗೆ ಕೈ ಹಾಕುವ ಭಂಡತನ ಸುತ್ತಮುತ್ತ ಅವನೊಬ್ಬನಿಗೇ ಇದ್ದದ್ದು.

"ಬಾಕ್ಸ್ ಇಳಿಸೋ ಹಾಗಿಲ್ಲ. ಕೆಳಗಿನ ತಟ್ಟೆ ಬಿಚ್ಚಿದರೆ ಸೊಲೆನಾಯ್ಡ್ ಕೈಗೆ ಸಿಗ್ತದೆ. ಮೀಟರ್ ಹಿಡಿದು ನೋಡು, ಅಷ್ಟೇ" ಎಂದೆ.

"ನಂಗೇ ಹೇಳ್ಕೊಡ್ತಾಳಲ್ಲ ಮೆಡಿಕಲ್ಲವ್ವ" ಎಂದು ಶೆಡ್ಡಿನಲ್ಲಿ ಟೀ ಕುಡಿಯುತ್ತಿದ್ದವರ ಕಡೆ ತಿರುಗಿ ನಕ್ಕ. ಆದರೂ ತಟ್ಟೆ ಬಿಚ್ಚಿದ. ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ಮೂಸಿದ. ಸೊಲೆನಾಯ್ಡುಗಳನ್ನು ಬಿಚ್ಚಿ ಪಂಚೆಯ ಚುಂಗಿನಿಂದ ಒರೆಸಿ ಸಾಲಾಗಿ ಇಟ್ಟ. ಮೀಟರ್ ಇರಲಿಲ್ಲ. ಬ್ಯಾಟರಿಯಿಂದ ಎರಡು ತಂತಿ ಎಳೆದುಕೊಂಡು ಒಂದೊಂದಕ್ಕೂ ಮುಟ್ಟಿಸಿದ. "ಟಕ್ ಅಂತು, ಕೇಳುಸ್ತಾ? ಟಕ್ ಅಂದ್ರೆ ಜೀವ ಅದೆ ಅಂತ." ಒಂದು ಮಾತ್ರ ಟಕ್ ಎನ್ನಲಿಲ್ಲ. ಸತ್ತದ್ದು ಅದೇ. ಅಲ್ಲಿಗೆ ನಿಲ್ಲಿಸಿದ್ದರೆ ಅವನ ಬಗ್ಗೆ ನಾನು ಬೇರೆಯದೇ ಬರೆಯುತ್ತಿದ್ದೆ.

ಎಣ್ಣೆಯ ಒತ್ತಡ ನೋಡಿಕೊಳ್ಳುವ ಸೊಲೆನಾಯ್ಡ್ ಒಂದು ಸಾಲಿನ ಕೊನೆಯಲ್ಲಿ ಇನ್ನೂ ಉಳಿದಿತ್ತು. ಅದು ಸೂಕ್ಷ್ಮ, ಬ್ಯಾಟರಿಯ ಪೂರ್ತಿ ಕರೆಂಟನ್ನು ಅದಕ್ಕೆ ನೇರವಾಗಿ ಕೊಡಬಾರದು. "ಅದಕ್ಕೆ ಮುಟ್ಟಿಸಬೇಡ" ಎಂದು ಕೂಗಿದೆ. ಅವನಿಗೆ ಅಷ್ಟೇ ಸಾಕಾಗಿತ್ತು, ಬೇಕೆಂದೇ ಮುಟ್ಟಿಸಿದ. ಮುಟ್ಟಿಸಿ ತೆಗೆದಿದ್ದರೂ ಉಳಿಯುತ್ತಿತ್ತೇನೋ. ಆದರೆ ಟೀ ಕುಡಿಯುವವರನ್ನು ಕಂಡು ಅವನಿಗೆ ಹಿಂದೊಮ್ಮೆ ನಾಗಮಂಗಲದಲ್ಲಿ ತಾನು ಲಾರಿ ಬಾಕ್ಸ್ ಇಳಿಸಿದ ಪ್ರತಾಪ ನೆನಪಾಯಿತು. ತಂತಿ ಹಿಡಿದ ಕೈ ಹಿಡಿದ ಹಾಗೆಯೇ ಇಟ್ಟುಕೊಂಡು ಕಥೆ ಶುರುಮಾಡಿದ. ಲಾರಿಯ ಓನರ್ ಅವನ ಕಾಲಿಗೆ ಬೀಳುವಲ್ಲಿಗೆ ಕಥೆ ಬರುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಸೊಲೆನಾಯ್ಡಿನಿಂದ ಎಳೆಯಷ್ಟು ಹೊಗೆ ಎದ್ದಿತು.

ಬೋರಲಿಂಗಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಕಂಪ್ನಿ ಮಿಸ್ಟೇಕು" ಎಂದ.

ನನಗೆ ಗೊತ್ತಿದ್ದ ಬೈಗುಳಗಳೆಲ್ಲ ಅಂದು ಖರ್ಚಾದವು. ಅಯೋಗ್ಯ ಎಂದೆ, ಗಾಡಿ ಕೊಲ್ಲುವ ಕಟುಕ ಎಂದೆ. ನಾಳೆಯಿಂದ ನನ್ನನ್ನು ಮತ್ತೆ ಮೂಟೆಯ ಹಾಗೆ ಎತ್ತಿ ಬಸ್ಸಿಗೆ ಹಾಕುತ್ತಾರೆ, ಅದು ನಿನಗೆ ಗೊತ್ತೇನೋ ಎಂದು ಕಿರುಚಿದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು, ಅದಕ್ಕೆ ಇನ್ನೂ ಸಿಟ್ಟು ಬಂತು. ಅವನು ಕ್ಷಮೆ ಕೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬೆನ್ನು ತಿರುಗಿಸಿಕೊಂಡು ಕೈ ಒರೆಸಿಕೊಂಡ.

ಮಾರನೆಯ ಬೆಳಗ್ಗೆ ನಮ್ಮ ಮನೆಯ ಮುಂದೆ ಅವನ ಹಳೆಯ ಜೀಪು ಬಂದು ನಿಂತಿತು. ಒಳಗೆ ಕೂತೇ ಹಾರನ್ ಹೊಡೆದ. ಜೀಪಿನ ಮೆಟ್ಟಿಲು ಬಸ್ಸಿನದಕ್ಕಿಂತ ಎತ್ತರ. ನಾನು ಕಂಬಿ ಹಿಡಿದು ಬಲಗಾಲು ಊರಿ, ಎಡಗಾಲಿನ ಪಟ್ಟಿಯನ್ನು ಎಳೆದುಕೊಳ್ಳುತ್ತ ಬೆವರಿದೆ. ಪಕ್ಕದ ಮನೆಯಾಕೆ ಓಡಿಬಂದು ಕೈ ಚಾಚಿದಳು. "ಬುಡವ್ವ ಅತ್ಲಾಗೆ, ಅವ್ಳಿಗೇನು ಕೈ ಇಲ್ವಾ?" ಎಂದು ಅವಳನ್ನು ಗದರಿ, ನನ್ನ ಕಡೆ ತಿರುಗಿ, "ಬಿರ್‍ರನೆ ಹತ್ತವ್ವ, ಮುಹೂರ್ತ ನೋಡ್ತಿದ್ದೀಯಾ? ಡೀಸೆಲ್ ಉರೀತದೆ" ಎಂದು ಮತ್ತೆ ಹಾರನ್ ಹೊಡೆದ. ನಾನು ಹತ್ತಿ ಕೂರುವ ತನಕ ಹೊಡೆಯುತ್ತಲೇ ಇದ್ದ, ಬೀದಿಗೆ ಬೀದಿಯೇ ಹೊರಗೆ ಬಂದು ನೋಡುವ ಹಾಗೆ. ಆದರೆ ಅವರು ನೋಡುತ್ತಿದ್ದದ್ದು ಅವನನ್ನು. ಅದು ನನಗೆ ಹೊಳೆದದ್ದು ಕೆ.ಆರ್. ಪೇಟೆಯ ದಾರಿಯಲ್ಲಿ ಹೊಸಹೊಳಲು ಹತ್ತಿರ ಬಂದಾಗ.

ಕೆಲವು ವಾರ ಹಾಗೆಯೇ ನಡೆಯಿತು. ದಾರಿಯುದ್ದಕ್ಕೂ ನನ್ನ ಕಾರನ್ನು ಬೈಯುತ್ತಿದ್ದ, ನಾನು ಅವನನ್ನು ಬೈಯುತ್ತಿದ್ದೆ. ಹಗಲು ಮೈಸೂರಿನ ಗುಜರಿಗಳಲ್ಲಿ ಅಲೆದು, ಅಪಘಾತದಲ್ಲಿ ನುಜ್ಜುಗುಜ್ಜಾದ ಅದೇ ಜಾತಿಯ ಕಾರೊಂದನ್ನು ಹುಡುಕಿ, ಅದರ ಹೊಟ್ಟೆಯಿಂದ ಎರಡು ಸೊಲೆನಾಯ್ಡ್ ಕಿತ್ತು ತಂದ. ಈ ಸಲ ಮೀಟರ್ ನಾನು ತಂದಿದ್ದೆ. ನಾನು ಓದುತ್ತಿದ್ದೆ, ಅವನು ಸುಳ್ಳು ಎನ್ನುತ್ತಿದ್ದ. ಜೋಡಿಸಿ, ಹೊಸ ಎಣ್ಣೆ ಹಾಕಿ ಓಡಿಸಿದಾಗ ಕಾರು ಬೆಣ್ಣೆಯ ಹಾಗೆ ಗೇರು ಬದಲಾಯಿಸಿತು. "ನೋಡ್ದಾ? ನಾನ್ ಹಳೇದ್ನ ಸುಟ್ಟಿದ್ದಕ್ಕೇ ಈಗ ಒಳ್ಳೇದು ಸಿಕ್ತು" ಎಂದ. ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರ ಸುಳಿದಿರಲೇ ಇಲ್ಲ.

ಆಮೇಲೆ ಶೆಡ್ಡಿನ ಮುಂದೆ ಹೋಗುವಾಗಲೆಲ್ಲ ನಾನು ಹಾರನ್ ಹೊಡೆಯುತ್ತಿದ್ದೆ, ಅವನು ಗಾಡಿಯ ಕೆಳಗಿನಿಂದಲೇ "ಉಯ್ಯಾಲೆ ಬಂತು" ಎಂದು ಕೂಗುತ್ತಿದ್ದ. ಒಂದು ದಿನ ಶೆಡ್ಡು ಮುಚ್ಚಿತ್ತು. ಮರುವಾರವೂ ಮುಚ್ಚಿತ್ತು. ಟೀ ಅಂಗಡಿಯವನು ಹೇಳಿದ: "ಲಕ್ವ ಹೊಡೀತು ಕಣವ್ವ. ಎಡಗಡೆ ಪೂರ್ತಿ ಓಗದೆ. ಪಾಪ."

ಆ ಪದ ಕೇಳಿ ನನಗೆ ಚುಚ್ಚಿದಂತಾಯಿತು.

ಅವನು ಸ್ವಲ್ಪ ಎದ್ದು ಕೂರುವಂತಾದ ಮೇಲೆ ಒಂದು ಭಾನುವಾರ ಕಿರಂಗೂರಿಗೆ ಹೋದೆ. ಜಗಲಿಯ ಮೇಲೆ ಕೂರಿಸಿದ್ದರು. ಅಂಗಿ ಪೂರ್ತಿ ಬಿಳಿ, ಕಿವಿಯ ಸುತ್ತ ಕಪ್ಪು ಬಳೆ ಇಲ್ಲ. ಅವನನ್ನು ಅಷ್ಟು ಚೊಕ್ಕಟವಾಗಿ ನಾನೆಂದೂ ನೋಡಿರಲಿಲ್ಲ, ನೋಡಿ ಸಂಕಟವಾಯಿತು. ನೆಂಟರು ಬಂದು ಎದುರಿಗೇ ನಿಂತು, ಎಂಥಾ ಆಳು ಎಂಗಾಗೋದ ಎಂದು ಲೊಚಗುಟ್ಟುತ್ತಿದ್ದರು. ಬಿಸಿಲು ಬಂತೆಂದು ತಮ್ಮನ ಮಕ್ಕಳು ಅವನ ಕಂಕುಳಿಗೆ ಕೈ ಹಾಕಿ ಎತ್ತಿ ನೆರಳಿಗಿಟ್ಟರು. ಬೋರಲಿಂಗಣ್ಣ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ. ಆ ಮುಖ ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿಸಿಕೊಂಡು ಕೂರುತ್ತಿದ್ದ ನನ್ನದೇ ಮುಖ ಅದು.

ನಾನು ಕಾರಿನಿಂದ ಇಳಿಯಲಿಲ್ಲ. ಹಾರನ್ ಹೊಡೆದೆ.

ಅವನು ತಿರುಗಿ ನೋಡಿದ.

"ಬಾ ಹತ್ತಣ್ಣ, ಮುಹೂರ್ತ ನೋಡ್ತಿದ್ದೀಯಾ? ಪೆಟ್ರೋಲ್ ಉರೀತದೆ" ಎಂದೆ.

ನೆಂಟರು ನನ್ನನ್ನು ರಾಕ್ಷಸಿಯನ್ನು ನೋಡಿದ ಹಾಗೆ ನೋಡಿದರು. ಹೆಂಡತಿ ಚೆನ್ನಮ್ಮ ಎತ್ತಲು ಓಡಿದಳು. ಅವನು ಬಲಗೈಯಿಂದ ಅವಳನ್ನು ತಳ್ಳಿ ಕೋಲು ಹಿಡಿದ. ಜಗಲಿಯಿಂದ ಇಳಿದು, ಸತ್ತ ಕಾಲನ್ನು ಎಳೆಯುತ್ತ ಕಾರಿನವರೆಗೆ ಬರಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನಾನು ಹಾರನ್ ಹೊಡೆಯುತ್ತಿದ್ದೆ. ಒಳಗೆ ಕೂತು ಏದುಸಿರು ಬಿಡುತ್ತ, ಸೊಟ್ಟಗಾದ ಬಾಯಲ್ಲಿ ತೊದಲುತ್ತ ಹೇಳಿದ: "ಎಡಗಡೆ ಸೈಡು... ಕಂಪ್ನಿ ಮಿಸ್ಟೇಕು ಕಣವ್ವ."

ಊರಾಚೆ ಆಲೆಮನೆಯ ಹಿಂದೆ ಕಬ್ಬು ಇಳಿಸುವ ದೊಡ್ಡ ಬಯಲು ಖಾಲಿ ಬಿದ್ದಿತ್ತು. ಅಲ್ಲಿ ಕಾರು ನಿಲ್ಲಿಸಿ ನಾನು ಇಳಿದು, ಆ ಕಡೆಗೆ ಹೋಗಿ ಅವನ ಬಾಗಿಲು ತೆಗೆದೆ. "ಸ್ಟೇರಿಂಗ್ ಹಿಡಿ" ಎಂದೆ. ಬೋರಲಿಂಗಣ್ಣ ನನ್ನನ್ನು ನೋಡಿದ, ಪೆಡಲುಗಳನ್ನು ನೋಡಿದ. ಎರಡೇ ಪೆಡಲು. ಎರಡಕ್ಕೂ ಬಲಗಾಲು ಸಾಕು. ಕಾರನ್ನು ಸುತ್ತಿಕೊಂಡು, ಬಾನೆಟ್ ಹಿಡಿದು ಹೋಗಿ ಕೂತ. ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ನಾನು ಪಕ್ಕದಲ್ಲಿ ಕೂತೆ.

ಕಾರು ಬಯಲಿನಲ್ಲಿ ಸುತ್ತತೊಡಗಿತು. ಅವನು ಕಣ್ಣು ಕಿರಿದು ಮಾಡಿಕೊಂಡು ಕಿವಿಗೊಟ್ಟಿದ್ದ. "ಒಂದು" ಎಂದ. ಸ್ವಲ್ಪ ವೇಗ ಹೆಚ್ಚಾಯಿತು. "ಎರಡು." ಕಣ್ಣಿನ ಕೊನೆಯಲ್ಲಿ ನೀರಿತ್ತು. ಲಕ್ವ ಹೊಡೆದವರಿಗೆ ಕಣ್ಣು ಸೋರುತ್ತದೆ, ಔಷಧಿ ಅಂಗಡಿಯವಳಿಗೆ ಅದು ಗೊತ್ತು. ಹಾಗೆಂದೇ ಆಗ ಅಂದುಕೊಂಡೆ.

"ಮೂರಕ್ಕೆ ಬೀಳೋವಾಗ ಒಸಿ ತಡೀತದೆ" ಎಂದ. "ಬಾಕ್ಸ್ ಇಳಿಸ್ಬೇಕು."

"ಯಾರು ಇಳಿಸೋದು?"

ಅವನು ಬಯಲಿನ ಅಂಚಿಗೆ ಬಂದು ಬ್ರೇಕ್ ತುಳಿದು ನಿಲ್ಲಿಸಿದ. "ಇದೂ ಒಂದು ಕಾರಾ?" ಎಂದ. ಇಳಿಯುತ್ತಾನೆಂದು ನಾನು ಬಾಗಿಲಿಗೆ ಕೈ ಹಾಕಿದರೆ, ಅವನು ಬೈಯುತ್ತಲೇ ಇನ್ನೊಂದು ಸುತ್ತಿಗೆ ತಿರುಗಿಸಿದ. ಆಮೇಲೆ ಮತ್ತೊಂದು ಸುತ್ತು.

ಅದೇ ಕೊನೆ. ಯುಗಾದಿಗೆ ಮೊದಲು ಎರಡನೆಯ ಸಲ ಹೊಡೆಯಿತು, ಬೋರಲಿಂಗಣ್ಣ ಉಳಿಯಲಿಲ್ಲ. ಶೆಡ್ಡಿನಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ಕಳೆದ ತಿಂಗಳು ಕಾರನ್ನು ಮೈಸೂರಿಗೆ ಒಯ್ದಿದ್ದೆ. ಮೂರಕ್ಕೆ ಬೀಳುವಾಗ ತಡೆಯುತ್ತದೆ ಎಂದೆ. ಯಂತ್ರ ಏನೂ ಇಲ್ಲ ಎಂದಿತು. ತಟ್ಟೆ ಬಿಚ್ಚಿಸಿ ನೋಡಿದರೆ ಸೊಲೆನಾಯ್ಡಿನ ಸಣ್ಣ ಜಾಲರಿಗೆ ಕಸ ಕಟ್ಟಿತ್ತು. ತೊಳೆದು ಹಾಕಿದರು, ಸರಿಹೋಯಿತು. ಬಾಕ್ಸ್ ಇಳಿಸುವ ಅಗತ್ಯ ಬೀಳಲಿಲ್ಲ. ಆ ಮನುಷ್ಯನ ಕಿವಿ ಜೀವಮಾನದಲ್ಲಿ ಒಮ್ಮೆ ಸರಿಯಾಗಿ ಕೇಳಿತ್ತು, ಆಗಲೂ ಬಾಯಿ ತಪ್ಪನ್ನೇ ಹೇಳಿತ್ತು.

ಹೊರಡುವಾಗ ಅಲ್ಲಿನ ಮ್ಯಾನೇಜರ್ ಬೀಗದ ಕೈ ಕೊಟ್ಟು, ಬಾಗಿಲು ತೆಗೆದು, "ನಿಧಾನ ಮೇಡಂ, ನಾನು ಹಿಡ್ಕೋತೀನಿ" ಎಂದು ನನ್ನ ಕಂಕುಳಿಗೆ ಕೈ ಹಾಕಲು ಬಂದರು. ಒಳ್ಳೆಯ ಮನುಷ್ಯ. ಮುಖದ ತುಂಬ ಕನಿಕರ.

"ಕೈ ತೆಗೀರಿ" ಎಂದೆ. "ತಡ ಆಗ್ತದೆ ಅನ್ನಿಸಿದ್ರೆ ಹಾರನ್ ಹೊಡೀರಿ."